ಅಂಜಿನಪ್ಪನ ಲೆಕ್ಕಗಳು

ಮರಳೂರು, ತುಮಕೂರು
೧೬-೨-೧೯೬೧, ಗುರುವಾರ

ನಮ್ಮ ಯಜಮಾನರಿಗೆ ನಿಮ್ಮ ಸುಂದರ ಮಾಡುವ ನಮಸ್ಕಾರಗಳು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಇದನ್ನು ಓದಿ ಹೇಳುತ್ತಿರುವ ಮೈದುನ ಸುಬ್ಬಕೃಷ್ಣನಿಗೆ ಆಶೀರ್ವಾದ.

ಮೊದಲು ನಿಮ್ಮ ಆರೋಗ್ಯ. ಜ್ವರ ಪೂರ್ತಿ ಬಿಟ್ಟಿತೇ, ಇಲ್ಲ ಸಂಜೆಯಾದರೆ ಇನ್ನೂ ಮೈ ಬಿಸಿಯಾಗುತ್ತಿದೆಯೇ? ಕಣ್ಣಿನ ಕಟ್ಟು ಬದಲಾಯಿಸುವಾಗ ಉರಿ ಕಡಿಮೆ ಎಂದು ಹೋದ ಕಾಗದದಲ್ಲಿ ಬರೆಸಿದ್ದಿರಿ. ನಿಮ್ಮ ‘ಕಡಿಮೆ’ ಎಂಥದ್ದೆಂದು ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲವೇ? ದವಡೆ ಹಲ್ಲು ಕೀಳಿಸಿಕೊಂಡು ಬಂದ ದಿನವೂ ‘ಏನೂ ಇಲ್ಲ ಕಣೇ’ ಎಂದೇ ಹೇಳಿ, ಆಮೇಲೆ ಗೋಡೆಗೆ ಮುಖ ಮಾಡಿಕೊಂಡು ಮಲಗಿಬಿಟ್ಟಿರಿ. ಆಸ್ಪತ್ರೆಯ ಸಾರು ನೀರು ನೀರು ಎಂದು ತಟ್ಟೆಯನ್ನು ಹಾಗೇ ವಾಪಸು ಕಳಿಸುತ್ತೀರಂತೆ. ಸುಬ್ಬಕೃಷ್ಣ ಚಾಡಿ ಹೇಳಿದ ಅಂತ ಅವನ ಮೇಲೆ ರೇಗಬೇಡಿ, ನಾನೇ ಕೆದಕಿ ಕೇಳಿ ಬರೆಸಿಕೊಂಡದ್ದು. ಚಟ್ನಿಪುಡಿ ಕಳಿಸಿದ್ದೇನಲ್ಲ, ಅದಕ್ಕೆ ತುಪ್ಪ ಹಾಕಿ ಕಲೆಸಿಕೊಂಡು ನಾಲ್ಕು ತುತ್ತಾದರೂ ತಿನ್ನಿ. ಸುಬ್ಬಕೃಷ್ಣ, ನೀನು ಆಫೀಸಿನ ಟಪಾಲು ಓದುವ ಹಾಗೆ ಗಡಗಡ ಓದಿ ಮುಗಿಸಬೇಡಪ್ಪ. ಅಣ್ಣನಿಗೆ ನಾನೇ ಎದುರಿಗೆ ಕೂತು ಮಾತಾಡಿದ ಹಾಗೆ ಕೇಳಿಸಬೇಕು. ಮಧ್ಯೆ ಬೈಗುಳ ಬಂದರೆ ಅದನ್ನೂ ನುಂಗಬೇಡ.

ಮನೆಯಲ್ಲಿ ಅತ್ತೆಯವರು ಇದ್ದ ಹಾಗೇ ಇದ್ದಾರೆ. ಲಕ್ವ ಹೊಡೆದ ಎಡಗೈ ಎಡಗಾಲು ಸ್ವಾಧೀನಕ್ಕೆ ಬಂದಿಲ್ಲ. ಇನ್ನು ಬರುತ್ತವೆಂಬ ಆಸೆಯನ್ನು ನಾನು ಇಟ್ಟುಕೊಂಡಿಲ್ಲ. ಅವರನ್ನು ಹಾಸಿಗೆಯಲ್ಲಿ ಬಿಟ್ಟು ನಾನು ಬರುವ ಹಾಗಿಲ್ಲ, ಕಟ್ಟು ಕಟ್ಟಿಸಿಕೊಂಡು ನೀವು ಬರುವ ಹಾಗಿಲ್ಲ. ಬೆಂಗಳೂರು ಏನು ಮಹಾ ದೂರ, ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ತಲುಪಬಹುದು ಎಂದು ಅವರಿವರು ಹೇಳುತ್ತಾರೆ. ಅಂಥವರಿಗೆ ಒಂದು ದಿನ ಅತ್ತೆಯವರನ್ನು ಮಗ್ಗುಲು ಬದಲಾಯಿಸಿ ಮಲಗಿಸಿ ನೋಡಿ ಎನ್ನಬೇಕು ಅನ್ನಿಸುತ್ತದೆ. ನೆನಪೂ ನಿಲ್ಲದೆ, ಎದ್ದ ತಕ್ಷಣ ‘ನರಸಿಂಹ ಕಾಲೇಜಿಗೆ ಹೋದ್ನೇನೇ? ತಿಂಡಿ ತಿಂದ್ನಾ?’ ಎಂದು ಕೇಳುತ್ತಾರೆ. ‘ಹೋದ್ರಮ್ಮ, ತಿಂದೇ ಹೋದ್ರು’ ಎನ್ನುತ್ತೇನೆ. ಲ್ಯಾಬಿನಲ್ಲಿ ಆ ಹಾಳು ಕಾಸ್ಟಿಕ್ ಸೋಡದ ಬಾಟಲಿ ನಿಮ್ಮ ಮುಖಕ್ಕೇ ಸಿಡಿದದ್ದು, ನವೆಂಬರಿನಿಂದ ನೀವು ಆಸ್ಪತ್ರೆಯಲ್ಲಿರುವುದು, ಯಾವುದನ್ನೂ ಅವರಿಗೆ ಹೇಳಿಲ್ಲ. ಮೊದಮೊದಲು ಸುಳ್ಳು ಹೇಳುವಾಗ ನಾಲಿಗೆ ತಡವರಿಸುತ್ತಿತ್ತು. ಈಗ ಅದೂ ನಿಂತುಹೋಗಿದೆ.

ಇನ್ನು ನಿಮ್ಮ ಶಿಷ್ಯರ ವಿಷಯ. ನೀವು ಕಾಯುತ್ತಿರುವುದು ಅದಕ್ಕೇ ಎಂದು ನನಗೆ ಗೊತ್ತು. ಆವತ್ತು ಕಾರು ಹತ್ತಿ ಕೂತು, ಎರಡು ಕಣ್ಣಿಗೂ ಬಟ್ಟೆ ಸುತ್ತಿಕೊಂಡು, ನನ್ನ ಕೈಯನ್ನು ತಡಕಿ ಹಿಡಿದು ನೀವು ಹೇಳಿದ ಮಾತು ನನ್ನ ಬಗ್ಗೆಯೂ ಆಗಿರಲಿಲ್ಲ, ಹೆತ್ತ ತಾಯಿಯ ಬಗ್ಗೆಯೂ ಆಗಿರಲಿಲ್ಲ. ‘ಮನೆಗೆ ಬರೋ ಹುಡುಗ್ರನ್ನ ಬಿಡಬೇಡ ಕಣೇ, ಪ್ರಾಬ್ಲಮ್ಮು ಅರ್ಧದಲ್ಲಿ ನಿಂತರೆ ಫೇಲಾಗ್ತಾರೆ’ ಎಂದಿರಿ. ನನಗೆ ಎಷ್ಟು ಕೋಪ ಬಂದಿತ್ತೆಂದು ಈಗ ಹೇಳುತ್ತೇನೆ. ಈ ಮನುಷ್ಯನಿಗೆ ಹೆಂಡತಿ ಎಂಬುವಳೊಬ್ಬಳು ಇದ್ದಾಳೆಂಬ ನೆನಪಾದರೂ ಇದೆಯೇ ಅನ್ನಿಸಿತು. ಕಾರು ಕುಣಿಗಲ್ ರಸ್ತೆ ಹತ್ತಿ ಊರ ಕಡೆಗೆ ತಿರುಗಿದ ಮೇಲೆ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ಅತ್ತು ಮುಗಿಸಿ ಎದ್ದು ಹಜಾರದಲ್ಲಿ ಚಾಪೆ ಹಾಸಿದೆ, ಮಾರನೆಯ ದಿನ ಹುಡುಗರು ಬರುತ್ತಾರಲ್ಲ ಎಂದು.

ಕಡಬದ ಅಂಜಿನಪ್ಪ ಹಾಸ್ಟೆಲಿನಿಂದ ಇಲ್ಲಿಗೆ ನಡೆದೇ ಬರುತ್ತಾನೆ. ಗುಬ್ಬಿಯ ರಂಗಲಕ್ಷ್ಮಿ ಬೆಳಗಿನ ರೈಲಿಗೆ ಇಳಿದು, ಸ್ಟೇಷನ್ನಿನಿಂದ ಜಟಕಾದಲ್ಲಿ ಬರುತ್ತಾಳೆ. ಇಬ್ಬರೂ ಹೈಸ್ಕೂಲಿನ ತನಕ ಕನ್ನಡದಲ್ಲಿ ಓದಿದ ಮಕ್ಕಳು, ಪಿ.ಯು.ಸಿ.ಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷು. ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯುವಷ್ಟರಲ್ಲೇ ಅರ್ಧ ಗಂಟೆ ಆಗಿರುತ್ತದೆ. ನಾನಾದರೂ ಎಂಥ ಮೇಷ್ಟರು? ಎಸ್.ಎಸ್.ಎಲ್.ಸಿ.ಯಲ್ಲಿ ಸೈನ್ಸಿನ ಬದಲು ಹೊಲಿಗೆ ಪಾಠ ತೆಗೆದುಕೊಂಡವಳು. ಅಡಿಗೆಮನೆ ಬಾಗಿಲ ಹಿಂದೆ ಅಕ್ಕಿ ಆರಿಸುತ್ತಾ ನಿಮ್ಮ ಪಾಠ ಕಿವಿಗೆ ಬಿದ್ದು ಬಿದ್ದು ಬಂದದ್ದಷ್ಟೇ ನನ್ನ ಕೆಮಿಸ್ಟ್ರಿ. ಅದಕ್ಕೇ ಅಲ್ಲವೇ ಈ ಏರ್ಪಾಡು: ಬಗೆಹರಿಯದ ಲೆಕ್ಕವನ್ನು ನಾನು ಕಾಗದದಲ್ಲಿ ಬರೆಯುವುದು, ಸುಬ್ಬಕೃಷ್ಣ ಓದುವುದು, ನೀವು ಮಲಗಿದ ಕಡೆಯೇ ಮನಸ್ಸಿನಲ್ಲಿ ಮಾಡಿ ಹೇಳುವುದು, ಅವನು ಬರೆದು ಇಲ್ಲಿಗೆ ಹಾಕುವುದು. ಹೋದ ವಾರ ನೀವು ಬರೆಸಿ ಕಳಿಸಿದ ಉತ್ತರಗಳೆಲ್ಲ ಬಂದವು. ಎಲ್ಲವೂ ಸರಿ ಇವೆ. ಓದಿ ಹೇಳಿದೆ, ಬರೆದುಕೊಂಡರು.

ಅಂಜಿನಪ್ಪನ ಬಗ್ಗೆ ಏನು ಹೇಳಲಿ? ಒಳ್ಳೆಯ ಹುಡುಗ, ಮರ್ಯಾದಸ್ಥ. ಆದರೆ ಲೆಕ್ಕ ಎಂದರೆ ಪ್ರಶ್ನೆಯಲ್ಲಿ ಕೊಟ್ಟಿರುವ ಅಂಕಿಗಳನ್ನೆಲ್ಲ ಒಂದು ಕಡೆಯಿಂದ ಗುಣಿಸಿ, ಕೊನೆಗೆ ಇಪ್ಪತ್ತೆರಡು ಪಾಯಿಂಟ್ ನಾಲ್ಕರಿಂದ ಭಾಗಿಸುವುದು ಎಂದು ತೀರ್ಮಾನ ಮಾಡಿಬಿಟ್ಟಿದ್ದಾನೆ. ‘ಏನ್ಲಾ, ಇಲ್ಲಿ ಗ್ಯಾಸೇ ಇಲ್ಲವಲ್ಲೋ, ಇಪ್ಪತ್ತೆರಡು ಪಾಯಿಂಟ್ ನಾಲ್ಕು ಎಲ್ಲಿಂದ ತಂದೆ?’ ಎಂದರೆ, ‘ಅದು ಎಲ್ಲಾ ಲೆಕ್ಕದಲ್ಲೂ ಬತ್ತದೆ ಕಣಮ್ಮ’ ಎನ್ನುತ್ತಾನೆ. ಮೆಗ್ನೀಸಿಯಂ ಪಟ್ಟಿ ಸುಟ್ಟರೂ ಅದೇ, ಕಬ್ಬಿಣದ ಮೊಳೆಗೆ ತಾಮ್ರ ಹತ್ತಿದರೂ ಅದೇ. ನೀವಿದ್ದಿದ್ದರೆ ಸೀಮೆಸುಣ್ಣ ಎಸೆದು ಓಡಿಸುತ್ತಿದ್ದಿರಿ. ಉತ್ತರ ಸರಿ ಬಂದರೂ ಮುಂದೆ ಗ್ರಾಂ ಎಂದು ಬರೆಯದಿದ್ದರೆ ಸೊನ್ನೆ ಹಾಕುವವರು ನೀವು. ಒಂದು ಸಲ ಪಾಯಿಂಟ್ ಆಚೆ ಒಂದು ಅಂಕಿ ಹೆಚ್ಚು ಕಡಿಮೆಯಾಯಿತೆಂದು ಪ್ರಿನ್ಸಿಪಾಲರ ತಮ್ಮನ ಮಗನನ್ನೇ ಎದ್ದು ನಿಲ್ಲಿಸಿದಿರಿ. ಅಂಥವರ ಚಾಪೆಯ ಮೇಲೆ ಈಗ ನಾನು ಕೂತಿದ್ದೇನೆ.

ನನ್ನ ದಾರಿ ನಿಮಗೆ ಗೊತ್ತೇ ಇದೆ, ತ್ರೈರಾಶಿ. ನಮ್ಮ ತಂದೆ ಕಡಬದಲ್ಲಿ ಶಾನುಭೋಗಿಕೆ ಮಾಡಿಕೊಂಡಿದ್ದಾಗ, ಕೆರೆಯ ಕೆಳಗಿನ ಗದ್ದೆಗಳ ಕಂದಾಯವನ್ನೆಲ್ಲ ಅದರಲ್ಲೇ ಹಾಕುತ್ತಿದ್ದರು. ನಮಗೂ ಊಟಕ್ಕೆ ಕೂರುವ ಮೊದಲು ಒಂದೊಂದು ಕೇಳುತ್ತಿದ್ದರು. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು, ಅಷ್ಟೇ. ಹೈಡ್ರೋಜನ್ನೂ ಆಕ್ಸಿಜನ್ನೂ ನನಗೆ ರಾಗಿಯೂ ಭತ್ತವೂ ಇದ್ದ ಹಾಗೆ. ನೀವು ಮೊದಲಿನಿಂದ ‘ಶಾನುಭೋಗರ ಮಗಳು ಶುರು ಮಾಡಿದಳು’ ಎಂದು ಹಂಗಿಸುತ್ತಿದ್ದಿರಿ. ಹಂಗಿಸಿದರೂ ತೂಕದ ಲೆಕ್ಕಗಳೆಲ್ಲ ಸರಿಯಾಗೇ ಬರುತ್ತಿದ್ದವು. ಗ್ಯಾಸು ಕಾಯಿಸುವ ಪಾಠ ಬಂದಾಗ ನಾನು ಮುಗ್ಗರಿಸಿದೆ. ಇಪ್ಪತ್ತೇಳು ಡಿಗ್ರಿಯಲ್ಲಿ ಮುನ್ನೂರು ಸಿ.ಸಿ. ಇರುವ ಗಾಳಿ ಐವತ್ತನಾಲ್ಕು ಡಿಗ್ರಿಗೆ ಎಷ್ಟಾಗುತ್ತದೆ ಎಂದು ಲೆಕ್ಕ. ಡಿಗ್ರಿ ಎರಡರಷ್ಟಾಯಿತು, ಗಾಳಿಯೂ ಎರಡರಷ್ಟು, ಆರುನೂರು ಎಂದು ಧೈರ್ಯವಾಗಿ ಹೇಳಿದೆ. ಸೊನ್ನೆ ಡಿಗ್ರಿಗೆ ಎಷ್ಟು ಎಂದು ರಂಗಲಕ್ಷ್ಮಿ ಕೇಳಿದಳು. ತ್ರೈರಾಶಿಯ ಪ್ರಕಾರ ಸೊನ್ನೆ. ಗಾಳಿಯೇ ಇಲ್ಲ! ನನಗೇ ಗಾಬರಿಯಾಯಿತು. ಚಳಿಗೆ ಗಾಳಿ ಪೂರ್ತಿ ಮಾಯವಾಗುವುದು ಹೇಗೆ ಎಂದು ಯೋಚಿಸಿ ಯೋಚಿಸಿ, ಕೊನೆಗೆ ನಿಮಗೆ ಬರೆದೆ.

ಅದಕ್ಕೆ ನೀವು ನಕ್ಕಿರಂತೆ. ‘ಶಾನುಭೋಗರು ಮುನ್ನೂರು ಸಿ.ಸಿ. ಗಾಳಿಯನ್ನ ಲೆಕ್ಕದಲ್ಲೇ ನುಂಗಿಬಿಟ್ಟರು, ಡಿಗ್ರಿಗೆ ಇನ್ನೂರ ಎಪ್ಪತ್ತಮೂರು ಸೇರಿಸಬೇಕು ಅಂತ ಹೇಳೋ ಅವಳಿಗೆ, ಉತ್ತರ ಮುನ್ನೂರ ಇಪ್ಪತ್ತೇಳು’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿರಂತೆ. ಪಕ್ಕದ ಮಂಚದವರು ಏನು ಸಮಾಚಾರ ಎಂದು ಕೇಳಿದರಂತೆ. ಆಸ್ಪತ್ರೆ ಸೇರಿದ ಮೇಲೆ ನೀವು ನಕ್ಕಿದ್ದು ಅದೇ ಮೊದಲು, ಆವತ್ತು ಕೇಳಿ ಅನ್ನ ಹಾಕಿಸಿಕೊಂಡಿರಿ ಎಂದು ಸುಬ್ಬಕೃಷ್ಣ ಬರೆದಿದ್ದ. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ. ಅಂಥ ತಪ್ಪು ಇನ್ನೂ ಮಾಡಬೇಕಾದರೆ ಮಾಡೋಣ ಅನ್ನಿಸಿತು.

ಅದೇ ನೀವು, ಮೊನ್ನೆ ಒಂದು ಲೆಕ್ಕಕ್ಕೆ ರೇಗಿಯೂ ಬಿಟ್ಟಿರಿ. ಒಂದು ವಸ್ತುವಿನಲ್ಲಿ ಕಾರ್ಬನ್ ನೂರಕ್ಕೆ ನಲವತ್ತಾರು, ಹೈಡ್ರೋಜನ್ ಆರು ಪಾಯಿಂಟ್ ಏಳು, ಆಕ್ಸಿಜನ್ ಐವತ್ತಮೂರು ಪಾಯಿಂಟ್ ಮೂರು, ಫಾರ್ಮುಲ ಏನು ಎಂದು ಕಳಿಸಿದ್ದೆ. ‘ಎಲ್ಲಾ ಕೂಡಿದರೆ ನೂರಾ ಆರು ಆಗ್ತದೆ, ನೂರಕ್ಕಿಂತ ಹೆಚ್ಚು ಇರೋ ವಸ್ತು ಪ್ರಪಂಚದಲ್ಲಿ ಎಲ್ಲಿದೆ, ಯಾವ ಕತ್ತೆ ಇದನ್ನ ನಕಲು ಮಾಡಿದ್ದು’ ಎಂದು ಬರೆಸಿದ್ದಿರಿ. ಅಂಜಿನಪ್ಪ ಬೋರ್ಡಿನಿಂದ ಇಳಿಸಿಕೊಳ್ಳುವಾಗ ನಲವತ್ತಕ್ಕೆ ನಲವತ್ತಾರು ಬರೆದುಕೊಂಡಿದ್ದ. ಬೈದಿದ್ದೇನೆ. ಬೇಕಾದಷ್ಟು ಬೈದಿದ್ದೇನೆ, ನೀವು ಇನ್ನು ಬೈಯಬೇಡಿ ಪಾಪ.

ಇನ್ನೊಂದು ಕೇಳಿದ್ದಿರಿ. ‘ನಾರ್ಮಾಲಿಟಿ ಲೆಕ್ಕ ಒಂದೂ ಬರ್ತಿಲ್ಲವಲ್ಲ, ಪರೀಕ್ಷೆಗೆ ಅದೇ ಮುಖ್ಯ, ಏನ್ಮಾಡ್ತಿದೀಯ ನೀನು’ ಎಂದು. ನಿಜ ಹೇಳಲೇ? ಪುಸ್ತಕ ತೆಗೆದರೆ ಆ ಲೆಕ್ಕಗಳಲ್ಲಿ ಎರಡಕ್ಕೊಂದು ಕಾಸ್ಟಿಕ್ ಸೋಡದ್ದೇ. ನಲವತ್ತು ಗ್ರಾಂ ಕಾಸ್ಟಿಕ್ ಸೋಡ ಒಂದು ಲೀಟರ್ ನೀರಿನಲ್ಲಿ ಎಂದು ಶುರುವಾಗುತ್ತದೆ. ನನ್ನ ಕೈಯಲ್ಲಿ ಅದನ್ನು ಬರೆಯಲು ಆಗುವುದಿಲ್ಲ ರೀ. ಸೋಡ ಕರಗಿ ಬಿಸಿಯಾದ ನೀರು ಆರುವ ಮೊದಲೇ ಬಾಟಲಿಗೆ ಬಿರಡೆ ಬಿಗಿದಿಟ್ಟವನು ಯಾರೋ, ಅದನ್ನು ತೆಗೆಯಲು ಹೋದವರು ನೀವು. ಆ ಹೆಸರನ್ನು ನಾನು ಬರೆದು, ಸುಬ್ಬಕೃಷ್ಣ ಅದನ್ನು ನಿಮ್ಮ ಮುಂದೆ ಓದಿ, ನೀವು ಕಟ್ಟಿನೊಳಗೆ ಸುಮ್ಮನೆ ಕೇಳುತ್ತಾ ಮಲಗಿರುವುದನ್ನು ನೆನೆಸಿಕೊಂಡು ಪುಸ್ತಕ ಮುಚ್ಚಿಟ್ಟುಬಿಡುತ್ತೇನೆ. ನಿಮಗೆ ಅದು ಒಂದು ಸಾಮಾನು ಅಷ್ಟೇ, ನನಗೆ ಗೊತ್ತು. ‘ಅದರದ್ದೇನೇ ತಪ್ಪು’ ಎನ್ನುತ್ತೀರಿ. ನನಗೆ ಹಾಗಲ್ಲ. ಆ ಪಾಠವನ್ನು ನೀವು ಬಂದ ಮೇಲೆ ನೀವೇ ಮಾಡಿಕೊಳ್ಳಿ.

ನೀವು ಮಾರ್ಚಿಗೆ ಬಂದುಬಿಡುತ್ತೇನೆ, ರಿವಿಷನ್ ನಾನೇ ಮಾಡಿಸುತ್ತೇನೆ, ಹಜಾರಕ್ಕೆ ಸುಣ್ಣ ಹೊಡೆಸು ಎಂದೆಲ್ಲ ಬರೆಸುತ್ತೀರಿ. ನಾನು ಏನು ಬರೆಯಲಿ? ಈ ಮಕ್ಕಳು ಪಾಸಾಗುತ್ತಾರೆಂದು ನನಗೆ ನಂಬಿಕೆ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ರಂಗಲಕ್ಷ್ಮಿಗೆ ಲಾಗ್ ಟೇಬಲ್ ನೋಡುವುದು ಇನ್ನೂ ಬಂದಿಲ್ಲ. ಒಂದು ಸಾಲು ಬಿಟ್ಟು ಇನ್ನೊಂದು ಸಾಲು ನೋಡಿ, ಉತ್ತರ ಬೆಟ್ಟದಷ್ಟು ಬಂದಾಗ ಕಣ್ಣೀರು ಹಾಕುತ್ತಾಳೆ. ‘ನಮ್ಮಪ್ಪ ಬಿಡಿಸ್ತಾರಂತೆ ಅಮ್ಮಾವ್ರೇ, ಫೇಲಾದ್ರೆ ಓದು ಸಾಕು ಅಂತಾರೆ’ ಎಂದು ಹೇಳುತ್ತಾಳೆ. ಸಮಾಧಾನ ಮಾಡೋಣವೆಂದರೆ ಹಳೆಯ ಮಾತುಗಳೇ ಬಾಯಿಗೆ ಬರುತ್ತವೆ. ಓದಿದರೆ ಬರುತ್ತದೆ, ಕಾದರೆ ಆಗುತ್ತದೆ, ದೇವರಿದ್ದಾನೆ, ಈ ಮಾತುಗಳನ್ನೆಲ್ಲ ಈ ಮೂರು ತಿಂಗಳಲ್ಲಿ ಅತ್ತೆಯವರಿಗೆ, ಅಕ್ಕಪಕ್ಕದವರಿಗೆ, ನನಗೆ ನಾನೇ ಹೇಳಿಕೊಂಡು ಸವೆಸಿಬಿಟ್ಟಿದ್ದೇನೆ. ಹಜಾರಕ್ಕೆ ಸುಣ್ಣ ಹೊಡೆಸಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಹೋದ ಸೋಮವಾರ ಶಿವರಾತ್ರಿಯ ದಿನ ಕಾಲೇಜಿನ ಅಟೆಂಡರ್ ನರಸಯ್ಯ ಬಂದಿದ್ದ. ನಿಮ್ಮನ್ನು ವಿಚಾರಿಸಿದ. ಪ್ರಿನ್ಸಿಪಾಲರೂ ವಿಚಾರಿಸಿದರಂತೆ. ನೀವಿಲ್ಲದೆ ಲ್ಯಾಬು ಲ್ಯಾಬಿನ ಹಾಗೇ ಇಲ್ಲ, ಹುಡುಗರು ಬ್ಯೂರೆಟ್ಟು ಮುರಿದು ಗುಡ್ಡೆ ಹಾಕಿದ್ದಾರೆ ಎಂದ. ಕಾಫಿ ಕೊಟ್ಟೆ, ಕುಡಿದು ಲೋಟ ತೊಳೆದಿಟ್ಟು ಹೋದ. ನಿನ್ನೆ ಕುಣಿಗಲ್ಲಿನಿಂದ ನಿಮ್ಮ ಅಕ್ಕ ವನಜಮ್ಮನವರೂ ಬಂದಿದ್ದಾರೆ, ಇಲ್ಲೇ ಅತ್ತೆಯವರ ಹತ್ತಿರ ಕೂತಿದ್ದಾರೆ. ನುಗ್ಗೇಕಾಯಿ, ಅವರೆಕಾಳು ಎಲ್ಲ ಹೊತ್ತು ತಂದಿದ್ದಾರೆ. ಅಲ್ಲಿ ಕೆರೆಯಲ್ಲಿ ಈ ವರ್ಷ ನೀರು ಚೆನ್ನಾಗಿದೆಯಂತೆ. ಚಿಕ್ಕವರಿದ್ದಾಗ ನೀವು ಆ ಕೆರೆಯ ತೂಬಿನ ಹತ್ತಿರ ಈಜಿ, ಬೆನ್ನಿಗೆ ಏಟು ತಿಂದದ್ದನ್ನು ನನಗೆ ಹೇಳಿ ತುಂಬಾ ನಕ್ಕರು. ನಕ್ಕು ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅವರ ಸ್ವಭಾವ ನಿಮಗೆ ಗೊತ್ತಲ್ಲ.

ಈಗ ಈ ವಾರದ ಲೆಕ್ಕಗಳು. ಸುಬ್ಬಕೃಷ್ಣ, ಇಲ್ಲಿ ನಿಧಾನ. ಅಂಜಿನಪ್ಪ ಕೇಳುತ್ತಿದ್ದಾನೆ: ಅಡಿಗೆ ಸೋಡ ಎಂಟು ಪಾಯಿಂಟ್ ನಾಲ್ಕು ಗ್ರಾಂ ತೆಗೆದುಕೊಂಡು ಚೆನ್ನಾಗಿ ಕಾಯಿಸಿದರೆ ಎಷ್ಟು ಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಇಲ್ಲಿ ಗ್ಯಾಸು ಇರುವುದರಿಂದ ಅವನ ಇಪ್ಪತ್ತೆರಡು ಪಾಯಿಂಟ್ ನಾಲ್ಕಕ್ಕೆ ಒಂದು ಸಲವಾದರೂ ಮಾನ ಸಿಕ್ಕಿತು. ರಂಗಲಕ್ಷ್ಮಿಯದು: ಹನ್ನೆರಡು ಗ್ರಾಂ ಮೆಗ್ನೀಸಿಯಂ ಸುಟ್ಟು ಬೂದಿಯಾದರೆ ಬೂದಿಯ ತೂಕ ಜಾಸ್ತಿ ಬರುತ್ತದೆ ಎನ್ನುತ್ತಾರಲ್ಲ, ಸುಟ್ಟ ಮೇಲೆ ಜಾಸ್ತಿಯಾಗುವುದು ಹೇಗೆ, ಎಷ್ಟು? ನಮ್ಮ ಒಲೆಯಲ್ಲಿ ಸೌದೆ ಸುಟ್ಟರೆ ಹಿಡಿ ಬೂದಿ ಉಳಿಯುವುದೇ ಹೆಚ್ಚು. ಇನ್ನುಳಿದ ಲೆಕ್ಕಗಳು ಬೇರೆ ಹಾಳೆಯಲ್ಲಿವೆ. ಹುಡುಗರು ದಾರಿ ನೋಡುತ್ತಿದ್ದಾರೆ, ಬರೀ ಉತ್ತರ ಸಾಲದು, ಹೇಗೆ ಮಾಡಬೇಕೆಂಬುದನ್ನೂ ಬರೆಸಿ ಕಳಿಸಿ.

ಬರೆಯುವುದು ಇನ್ನೂ ಬೇಕಾದಷ್ಟಿತ್ತು, ಅತ್ತೆಯವರಿಗೆ ಗಂಜಿ ಕುಡಿಸುವ ಹೊತ್ತಾಯಿತು. ಅವರ ಆಶೀರ್ವಾದಗಳು ನಿಮಗೆ. ಅವರು ಬಾಯಿಬಿಟ್ಟು ಹೇಳಿಲ್ಲ, ಕೇಳಿದ್ದರೆ ಹೇಳುತ್ತಿದ್ದರು. ವನಜಕ್ಕನ ಆಶೀರ್ವಾದಗಳು, ಅವರು ಕೂಗಿ ಹೇಳಿದರು. ಕಟ್ಟಿಗೆ ಕೈ ಹಾಕಿ ತುರಿಸಿಕೊಳ್ಳಬೇಡಿ. ರಾತ್ರಿ ನೀರು ಬೇಕಾದರೆ ನೀವೇ ತಡಕಿಕೊಂಡು ಏಳಬೇಡಿ, ಯಾರನ್ನಾದರೂ ಕೂಗಿ. ಮಾನ ಹೋಗುವುದಿಲ್ಲ.

ಇಂತಿ ನಿಮ್ಮ,
ಸುಂದರ

ವಿ.ಸೂ. — ಸುಬ್ಬಕೃಷ್ಣ, ಇಲ್ಲಿಗೆ ನಿಲ್ಲಿಸು. ನನ್ನ ಹೆಸರು ಓದಿದ ಮೇಲೆ ಕಾಗದ ಮಡಿಸಿಬಿಡು. ಇದು ನಿನಗೆ ಮಾತ್ರ, ಆಚೆ ಬಂದು ಓದಿಕೋ. ಮೇಲಿನದೆಲ್ಲ ಬರೆದು ಮುಗಿಸುವಾಗ ಪೋಸ್ಟ್‌ಮ್ಯಾನ್ ಬಂದು ನಿನ್ನ ಕಾಗದ ಕೊಟ್ಟ. ಎರಡು ಕಣ್ಣೂ ಹೋದವು, ಇನ್ನು ಮಾಡುವುದು ಏನೂ ಇಲ್ಲ, ಕಟ್ಟು ಬಿಚ್ಚಿದರೂ ಒಂದೇ ಬಿಚ್ಚದಿದ್ದರೂ ಒಂದೇ ಎಂದು ಡಾಕ್ಟರು ಹೇಳಿದ್ದನ್ನು ಓದಿದೆ. ನೀನು ಅಳಬೇಡ. ಈ ಶನಿವಾರ ಬಿಚ್ಚಿ ವಿಷಯ ಹೇಳಿಬಿಡಲೇ ಅತ್ತಿಗೆ ಎಂದು ಕೇಳಿದ್ದೀಯ. ಬೇಡ. ಮುಂದಿನ ವಾರದ ಶನಿವಾರದ ತನಕ ಹೇಗಾದರೂ ತಡೆಯಲು ಡಾಕ್ಟರ ಕಾಲು ಹಿಡಿ. ವನಜಕ್ಕ ಅತ್ತೆಯವರನ್ನು ನೋಡಿಕೊಳ್ಳಲು ಒಪ್ಪಿದ್ದಾರೆ, ನಾನು ಬರುತ್ತೇನೆ. ಬಿಚ್ಚುವಾಗ ನಾನು ಎದುರಿಗಿರಬೇಕು.

ನಿನಗೆ ಗೊತ್ತಿರಲಿ ಎಂದು ಬೇಗ ಬೇಗ ಬರೆಯುತ್ತೇನೆ. ಇಲ್ಲಿ ಹುಡುಗರು ಯಾರೂ ಇಲ್ಲ. ಅಂಜಿನಪ್ಪ ಕ್ರಿಸ್‌ಮಸ್ ರಜಕ್ಕೆ ಊರಿಗೆ ಹೋದವನು, ತಿರುಗಿ ಬಂದು ಪೇಟೆಯಲ್ಲಿ ಬೇರೆ ಮೇಷ್ಟರ ಹತ್ತಿರ ಸೇರಿಕೊಂಡ. ತಪ್ಪೇನು, ಪರೀಕ್ಷೆ ಅವನದು. ರಂಗಲಕ್ಷ್ಮಿ ಸಂಕ್ರಾಂತಿಯ ತನಕ ಬಂದಳು, ಮಾಘದಲ್ಲಿ ಅವಳ ಮದುವೆಯೂ ಆಗಿಹೋಯಿತು. ಆಮೇಲಿನಿಂದ ಕಳಿಸಿದ ಲೆಕ್ಕಗಳೆಲ್ಲ ನಾನು ಹಾಕಿದವು. ಹಳೆಯ ಪ್ರಶ್ನೆಪತ್ರಿಕೆಯಲ್ಲಿದ್ದವು ಮುಗಿದ ಮೇಲೆ ನಾನೇ ಹುಟ್ಟಿಸುತ್ತಿದ್ದೇನೆ, ಸರಿಯಾಗಿ ಬರುವುದಿಲ್ಲ. ನರಸಯ್ಯ ಬಂದದ್ದು ವಿಚಾರಿಸಲು ಅಲ್ಲ, ಅಣ್ಣನ ಕೋಟು, ಪುಸ್ತಕ, ಮೇಜಿನ ಸಾಮಾನು ವಾಪಸು ತಂದು ಕೊಡಲು. ಆ ಜಾಗಕ್ಕೆ ಹೊಸ ಡೆಮಾನ್‌ಸ್ಟ್ರೇಟರ್ ಬಂದಿದ್ದಾನೆ. ನಾವು ಈ ಮನೆ ಬಿಟ್ಟು ಕುಣಿಗಲ್ಲಿಗೆ ಹೋಗುವುದು, ವನಜಕ್ಕನ ಮನೆಯ ಹಿತ್ತಿಲ ಕೋಣೆ, ಮಾತಾಡಿ ಆಯಿತು.

ಇನ್ನೊಂದು. ಹೋದ ವಾರದ ಉತ್ತರಗಳೆಲ್ಲ ಸರಿ ಎಂದು ಮೇಲೆ ಬರೆದಿದ್ದೇನೆ, ಸರಿ ಇಲ್ಲ. ನೂರು ಗ್ರಾಂ ಸುಣ್ಣದ ಕಲ್ಲು ಸುಟ್ಟರೆ ಐವತ್ತಾರು ಗ್ರಾಂ ಸುಣ್ಣ ಉಳಿಯುತ್ತದೆ, ಮಿಕ್ಕ ನಲವತ್ತನಾಲ್ಕು ಗಾಳಿಯಾಗಿ ಹೋಗುತ್ತದೆ. ಇಪ್ಪತ್ತೈದು ಗ್ರಾಂ ಸುಟ್ಟರೆ ಉಳಿಯುವುದೆಷ್ಟು ಎಂದು ಕೇಳಿದ್ದೆ. ಹದಿನಾಲ್ಕು. ಎಂಥ ದಡ್ಡನಿಗೂ ಬರುವ ಲೆಕ್ಕ. ನಿನ್ನ ಅಣ್ಣ ಹನ್ನೊಂದು ಎಂದು ಬರೆಸಿದ್ದಾರೆ. ನನ್ನದೇ ತಪ್ಪಿರಲಿ ದೇವರೇ ಎಂದು ಮತ್ತೆ ಮತ್ತೆ ಹಾಕಿ ನೋಡಿದೆ. ನನ್ನದಲ್ಲ. ಹನ್ನೊಂದು ಹೋಗುವ ಗಾಳಿಯ ತೂಕ. ಉಳಿಯುವುದನ್ನು ಕೇಳಿದರೆ ಹೋಗುವುದನ್ನು ಹೇಳಿದ್ದಾರೆ. ಯಾರೂ ಹೇಳದೆಯೇ ಕಣ್ಣಿನ ವಿಷಯ ಅವರಿಗೆ ಗೊತ್ತಾಗಿದೆಯೋ ಏನೋ ಎಂದು ನನಗೆ ಭಯವಾಗುತ್ತಿದೆ.

ವನಜಕ್ಕ ಟಪಾಲಿಗೆ ಹಾಕಲು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ. ಬೇರೆ ಹಾಳೆಯಲ್ಲಿರುವ ಲೆಕ್ಕಗಳನ್ನು ಒಟ್ಟಿಗೆ ಓದಿ ಮುಗಿಸಬೇಡ, ದಿನಕ್ಕೆ ಒಂದೊಂದು ಓದಿದರೆ ನಾನು ಬರುವ ತನಕ ಸಾಲುತ್ತವೆ. ಅಂಜಿನಪ್ಪ ಕೇಳಿದ ಅಂತಲೇ ಹೇಳು. ಅವರು ಯಾವ ಉತ್ತರ ಹೇಳಿದರೂ ಸರಿಯಾಗಿದೆ ಅನ್ನು.